ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ

2004-05ರ ಸುಮಾರಿಗೆ ಚಿಂತಾಮಣಿಯ ಸೈಬರ್ ಸೆಂಟರುಗಳಲ್ಲಿ ಕೂತವರಿಗೆ ಇದು ನೆನಪಿರುತ್ತೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆದರೆ ಅರ್ಧ ಪರದೆ ಬರೀ ಟೂಲ್‌ಬಾರುಗಳೇ. ಒಂದು ಹವಾಮಾನ ಹೇಳೋದು, ಒಂದು ನಗುಮುಖ ಕೊಡೋದು, ಇನ್ನೊಂದು ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ. ಅವುಗಳ ಕೆಳಗೆ ಉಳಿದ ಗೇಣುದ್ದದ ಜಾಗದಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಬೇಕು. ರಿಜಿಸ್ಟರ್ ನಂಬರ್ ಹಾಕುವಷ್ಟರಲ್ಲಿ ಮೂರು ಪಾಪ್‌ಅಪ್. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ.

ನಾವೆಲ್ಲ ಅದಕ್ಕೆ ವೈರಸ್ ಅಂತಲೇ ಅನ್ನುತ್ತಿದ್ದೆವು. ಆದರೆ ಆಂಟಿವೈರಸ್ ಓಡಿಸಿದರೆ, ಒಂದು ಗಂಟೆ ಗುರುಗುಟ್ಟಿ, ಏನೂ ಸಿಗಲಿಲ್ಲ ಅನ್ನೋದು. ಸೆಂಟರ್ ನೋಡಿಕೊಳ್ಳುತ್ತಿದ್ದ ಹುಡುಗ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈದು ಫಾರ್ಮ್ಯಾಟ್ ಮಾಡೋನು. ಕಣ್ಣೆದುರಿಗೇ ಕುಣಿಯುವುದು ಆಂಟಿವೈರಸ್ಸಿಗೆ ಯಾಕೆ ಕಾಣಲ್ಲ ಅನ್ನೋದು ನನಗೆ ಬಹಳ ದಿನ ಒಗಟಾಗಿತ್ತು.

ಉತ್ತರ ತಂತ್ರಜ್ಞಾನದಲ್ಲಿ ಇರಲಿಲ್ಲ. ವೈರಸ್ ಹೇಳದೆ ಕೇಳದೆ ಒಳಗೆ ಬರುತ್ತೆ. ಆಡ್‌ವೇರ್ ಕೇಳಿಯೇ ಬರುತ್ತೆ. ಹಾಡು ಡೌನ್‌ಲೋಡ್ ಮಾಡುವ ಪುಕ್ಕಟೆ ತಂತ್ರಾಂಶದ ಜೊತೆ, ಹತ್ತಾರು ಪುಟದ ಇಂಗ್ಲಿಷ್ ಒಪ್ಪಂದದ ಯಾವುದೋ ಮೂಲೆಯಲ್ಲಿ 'ಜಾಹೀರಾತನ್ನೂ ತೋರಿಸುತ್ತೇವೆ' ಅಂತ ಬರೆದಿರುತ್ತೆ. ನೀವು ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ ಒತ್ತಿರುತ್ತೀರಿ. ಅಲ್ಲಿಗೆ ಅದು ಕಳ್ಳನಲ್ಲ, ಕರೆದು ಕೂರಿಸಿಕೊಂಡ ನೆಂಟ. ನೆಂಟನನ್ನು ಕಳ್ಳ ಅಂದರೆ ಕೇಸು ಬೀಳುತ್ತೆ ಅನ್ನೋ ಭಯ ಆಂಟಿವೈರಸ್ ಕಂಪನಿಗಳಿಗಿತ್ತು. ಭಯಕ್ಕೆ ಕಾರಣವೂ ಇತ್ತು, ಅದನ್ನು ಆಮೇಲೆ ಹೇಳ್ತೀನಿ.

ಹಾಗಾಗಿ ಈ ಕೆಲಸಕ್ಕೆ ಮೊದಲು ಇಳಿದವರು ದೊಡ್ಡ ಕಂಪನಿಗಳಲ್ಲ, ಒಂಟಿ ಮನುಷ್ಯರು. ತನ್ನ ಕಂಪ್ಯೂಟರಿನಿಂದ ಯಾವುದೋ ಜಾಹೀರಾತು ತಂತ್ರಾಂಶ ಹೊರಗೆ ಮಾತಾಡುತ್ತಿರುವುದನ್ನು ಕಂಡ ಅಮೆರಿಕದ ಸ್ಟೀವ್ ಗಿಬ್ಸನ್ 2000ದಲ್ಲಿ 'ಆಪ್ಟ್‌ಔಟ್' ಬರೆದ. ಲವಾಸಾಫ್ಟ್‌ನ 'ಆಡ್-ಅವೇರ್', ಜರ್ಮನಿಯ ಪ್ಯಾಟ್ರಿಕ್ ಕೊಲ್ಲಾ ಬರೆದ 'ಸ್ಪೈಬಾಟ್ ಸರ್ಚ್ ಆಂಡ್ ಡೆಸ್ಟ್ರಾಯ್' ಕೂಡ ಅದೇ ಕಾಲದವು. ನಮ್ಮೂರಿಗೆ ಇವು ಬಂದಿದ್ದು ಬಹುಪಾಲು 'ಡಿಜಿಟ್' ಪತ್ರಿಕೆ ಜೊತೆಗಿನ ಸಿಡಿಗಳಲ್ಲಿ. ಒಂದು ಸಿಡಿ ಗೀರು ಬಿದ್ದು ಸಾಯೋವರೆಗೂ ಊರೆಲ್ಲ ಸುತ್ತೋದು.

ಇವು ಹುಡುಕುತ್ತಿದ್ದ ರೀತಿ ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ತಕ್ಷಣ ಅರ್ಥವಾಗುತ್ತೆ. ಊಜಿ ನೊಣ ಕರ್ನಾಟಕಕ್ಕೆ ಬಂದಿದ್ದು 1980ರಲ್ಲಿ, ಬಂಗಾಳದಿಂದ, ರೇಷ್ಮೆಗೂಡುಗಳ ಜೊತೆ. ಪುಕ್ಕಟೆ ತಂತ್ರಾಂಶದ ಜೊತೆ ಟೂಲ್‌ಬಾರ್ ಬಂದ ಹಾಗೆ ಅನ್ನಿ. ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಹಾರಿಹೋಗುತ್ತೆ, ಮರಿ ಒಳಗೆ ಹೊಕ್ಕ ಕಡೆ ಕಪ್ಪು ಕಲೆ ಉಳಿಯುತ್ತೆ. ನೊಣ ಕಾಣದಿದ್ದರೂ ಬೆಳೆಗಾರ ಕಲೆ ನೋಡಿ ಹೇಳ್ತಾನೆ.

ಆಡ್‌ವೇರ್ ಕಲೆ ಬಿಡುತ್ತಿದ್ದದ್ದು ಹೆಚ್ಚಾಗಿ ವಿಂಡೋಸಿನ ರಿಜಿಸ್ಟ್ರಿಯಲ್ಲಿ. ಕಂಪ್ಯೂಟರ್ ಶುರುವಾದಾಗಲೆಲ್ಲ ಓಡಬೇಕಾದರೆ ಅಲ್ಲೊಂದು ಸಾಲು ಬರೆದಿರಲೇಬೇಕು. ಬ್ರೌಸರಿಗೆ ಅಂಟಿಕೊಳ್ಳಬೇಕಾದರೆ 'ಬ್ರೌಸರ್ ಹೆಲ್ಪರ್ ಆಬ್ಜೆಕ್ಟ್' ಆಗಿ ಹೆಸರು ನೋಂದಾಯಿಸಬೇಕು, ಅದಕ್ಕೊಂದು ಉದ್ದನೆಯ ಗುರುತಿನ ಸಂಖ್ಯೆ ಇರುತ್ತೆ. ಫೈಲಿನ ಹೆಸರು ದಿನಕ್ಕೊಂದು ಬದಲಾದರೂ ಈ ಸಂಖ್ಯೆ ಎಷ್ಟೋ ಸಲ ಹಾಗೇ ಇರುತ್ತಿತ್ತು. ಇಂಥ ಸಂಖ್ಯೆಗಳು, ರಿಜಿಸ್ಟ್ರಿ ಸಾಲುಗಳು, ಫೈಲಿನ ಒಳಗಿನ ಬೈಟುಗಳಿಂದ ಲೆಕ್ಕ ಹಾಕಿದ ಬೆರಳಚ್ಚು, ಕುಕಿಗಳು, ಎಲ್ಲ ಸೇರಿಸಿದ ಒಂದು ಪಟ್ಟಿ. ಡಯಲ್-ಅಪ್‌ನಲ್ಲಿ ವಾರಕ್ಕೊಮ್ಮೆ ತಡಕಾಡಿ ತರಿಸಿಕೊಳ್ಳುತ್ತಿದ್ದ ಅಪ್‌ಡೇಟ್ ಅಂದರೆ ಈ ಪಟ್ಟಿಯೇ. ಡಚ್ ವಿದ್ಯಾರ್ಥಿ ಮೆರೈನ್ ಬೆಲ್ಲೆಕೊಮ್ ಬರೆದ 'ಹೈಜಾಕ್‌ದಿಸ್' ಮಾತ್ರ ಬೇರೆ ಜಾತಿ. ಅದು ಒಳ್ಳೆಯದು ಕೆಟ್ಟದ್ದು ಅಂತ ತೀರ್ಪು ಕೊಡುತ್ತಿರಲಿಲ್ಲ. ಇಂಥ ಜಾಗಗಳಲ್ಲಿ ಇಂಥವರು ಕೂತಿದ್ದಾರೆ ನೋಡಪ್ಪ ಅಂತ ಸಾಲುಸಾಲಾಗಿ ತೋರಿಸಿ ಸುಮ್ಮನಾಗೋದು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅದೇ.

ಹುಡುಕೋದಕ್ಕಿಂತ ಕೀಳೋದು ಕಷ್ಟ. ಓಡುತ್ತಿರುವ ಫೈಲನ್ನು ಅಳಿಸಲು ವಿಂಡೋಸ್ ಬಿಡಲ್ಲ. ಕೊಲ್ಲೋಣ ಅಂದರೆ ಎರಡು ಪ್ರಕ್ರಿಯೆಗಳು ಒಂದನ್ನೊಂದು ಕಾಯುತ್ತಿರುತ್ತವೆ, ಒಂದು ಸತ್ತರೆ ಇನ್ನೊಂದು ಎಬ್ಬಿಸುತ್ತೆ. ಅದಕ್ಕೇ ಸೇಫ್ ಮೋಡ್, ಅದಕ್ಕೇ 'ಮುಂದಿನ ಸಲ ಕಂಪ್ಯೂಟರ್ ಶುರುವಾದಾಗ ಅಳಿಸು' ಎಂಬ ಚೀಟಿ. ಕೆಲವು ಆಡ್‌ವೇರ್‌ಗಳಂತೂ ಇಂಟರ್ನೆಟ್ ಸಂಪರ್ಕದ ಸರಪಳಿಯಲ್ಲೇ ಒಂದು ಕೊಂಡಿಯಾಗಿ ಸೇರಿಕೊಳ್ಳುತ್ತಿದ್ದವು. ಕಿತ್ತರೆ ಸರಪಳಿಯೇ ತುಂಡು, ನೆಟ್ ಸತ್ತೇಹೋಗೋದು. ಅದನ್ನು ಜೋಡಿಸುವುದಕ್ಕೇ ಬೇರೆ ಸಾಧನ ಬರಬೇಕಾಯಿತು. 2003ರಲ್ಲಿ ಕಾಣಿಸಿಕೊಂಡ 'ಕೂಲ್‌ವೆಬ್‌ಸರ್ಚ್' ಎಷ್ಟು ವೇಷ ಹಾಕಿತೆಂದರೆ ಅದೊಂದಕ್ಕೇ 'ಸಿಡಬ್ಲ್ಯೂಶ್ರೆಡರ್' ಅಂತ ಪ್ರತ್ಯೇಕ ಸಾಧನ ಬರೆದದ್ದು ಅದೇ ಬೆಲ್ಲೆಕೊಮ್.

ಇನ್ನು ಆ ಭಯದ ಮಾತು. 2003ರಲ್ಲಿ ಗೇಟರ್ ಎಂಬ ಕಂಪನಿ, ತನ್ನನ್ನು 'ಸ್ಪೈವೇರ್' ಅಂತ ಕರೆದ ಪಿಸಿ ಪಿಟ್‌ಸ್ಟಾಪ್ ಮೇಲೆ ಮಾನನಷ್ಟದ ಕೇಸು ಹಾಕಿತು. ರಾಜಿಯಾಯಿತು, ಟೀಕೆಯ ಪುಟಗಳು ಮಾಯವಾದವು. ಗೇಟರ್ ತಾನೇ ಕ್ಲಾರಿಯಾ ಅಂತ ಹೆಸರು ಬದಲಿಸಿಕೊಂಡಿತು. ಮೈಕ್ರೋಸಾಫ್ಟ್ 2004ರ ಕೊನೆಯಲ್ಲಿ ಜಯಂಟ್ ಕಂಪನಿಯನ್ನು ಕೊಂಡು ತನ್ನದೇ ಆಂಟಿಸ್ಪೈವೇರ್ ಬಿಟ್ಟಿತು, ಇವತ್ತಿನ ಡಿಫೆಂಡರಿನ ಮೂಲ ಅದು. 2005ರಲ್ಲಿ ಕ್ಲಾರಿಯಾವನ್ನು ಮೈಕ್ರೋಸಾಫ್ಟ್ ಕೊಳ್ಳುತ್ತೆ ಎಂಬ ಸುದ್ದಿ ಹಬ್ಬಿದ ಹೊತ್ತಿಗೇ, ಆ ಆಂಟಿಸ್ಪೈವೇರ್ ಕ್ಲಾರಿಯಾದ ವಿಷಯದಲ್ಲಿ ಕೊಡುತ್ತಿದ್ದ ಸಲಹೆ 'ಇಗ್ನೋರ್'ಗೆ ಇಳಿದಿತ್ತು! ಪಟ್ಟಿ ಯಾರ ಕೈಲಿದೆ ಅನ್ನೋದು ಎಷ್ಟು ಮುಖ್ಯ ನೋಡಿ.

ಕೊನೆಗೆ ಸಿಕ್ಕ ದಾರಿ ಒಂದು ಹೊಸ ಪದ: 'ಪೊಟೆನ್ಶಿಯಲಿ ಅನ್‌ವಾಂಟೆಡ್', ಅಂದರೆ ಬಹುಶಃ ನಿಮಗೆ ಬೇಡವಾದದ್ದು. ಕಳ್ಳ ಅನ್ನಲಿಲ್ಲ, ಹೊರಗೆ ಹಾಕಲಾ ಅಂತ ಕೇಳಿತು ಅಷ್ಟೇ. ಇದು ಎಂಜಿನಿಯರ್ ಮಾತಲ್ಲ, ವಕೀಲರ ಮಾತು. 2006ರಲ್ಲಿ ಅಮೆರಿಕದ ಎಫ್‌ಟಿಸಿ ಜ್ಯಾಂಗೊ ಕಂಪನಿಯಿಂದ 30 ಲಕ್ಷ ಡಾಲರ್ ಕಕ್ಕಿಸಿತು. ಸರಿಯಾಗಿ ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಅನ್ನೋದು ಅಲ್ಲಿನ ವಾದ. ಅದೇ ಜ್ಯಾಂಗೊ ತನ್ನನ್ನು ತಡೆದದ್ದಕ್ಕೆ ಕ್ಯಾಸ್ಪರ್‌ಸ್ಕಿ ಮೇಲೆ ಕೇಸು ಹಾಕಿ 2009ರ ಜೂನಿನಲ್ಲಿ ಮೇಲ್ಮನವಿಯಲ್ಲೂ ಸೋತಿತು. ಅಷ್ಟರಲ್ಲಿ ಜ್ಯಾಂಗೊ ಬಾಗಿಲು ಹಾಕಿಯಾಗಿತ್ತು.

ನಮ್ಮ 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಕೂಡ ನಿಂತಿರುವುದು ಇದೇ ಮಾತಿನ ಮೇಲೆ: ಮಾಲೀಕನ ಅಥವಾ ಉಸ್ತುವಾರಿಯಲ್ಲಿರುವವನ ಅನುಮತಿ ಇಲ್ಲದೆ. ಈಗ ಸೈಬರ್ ಸೆಂಟರನ್ನು ನೆನೆಸಿಕೊಳ್ಳಿ. ಕಂಪ್ಯೂಟರ್ ಒಬ್ಬನದು, ಕಾಯುವವನು ಇನ್ನೊಬ್ಬ, 'ಐ ಅಗ್ರೀ' ಒತ್ತಿದವನು ಅರ್ಧ ಗಂಟೆ ಕೂತು ಎದ್ದುಹೋದ ಮೂರನೆಯವನು. ಮೂವರಲ್ಲಿ ಯಾರೂ ಆ ಇಂಗ್ಲಿಷ್ ಓದಿಲ್ಲ. ಓದಿದ್ದರೂ ಅರ್ಥವಾಗಲಿ ಅಂತ ಬರೆದದ್ದಲ್ಲ ಬಿಡಿ.

2017ರಲ್ಲಿ ಚೆಕ್‌ಪಾಯಿಂಟ್ ಸಂಸ್ಥೆ 'ಫೈರ್‌ಬಾಲ್' ಎಂಬ ಆಡ್‌ವೇರ್ ಬಗ್ಗೆ ವರದಿ ಕೊಟ್ಟಾಗ ಪಟ್ಟಿಯಲ್ಲಿ ಮೊದಲ ದೇಶ ಭಾರತ, 2.5 ಕೋಟಿ ಕಂಪ್ಯೂಟರ್ ಎಂಬ ಅಂದಾಜು. ಅಷ್ಟೊಂದಿಲ್ಲ ಅಂತ ಮೈಕ್ರೋಸಾಫ್ಟ್ ತಕರಾರು ತೆಗೆಯಿತು. ಅದೂ ಬಂದದ್ದು ಬೇರೆ ತಂತ್ರಾಂಶಗಳ ಬೆನ್ನೇರಿಯೇ.

ವಿಂಡೋಸ್ 10ರಲ್ಲಿ ಈ 'ಬಹುಶಃ ಬೇಡವಾದ'ವನ್ನು ತಡೆಯಲು 2020ರಲ್ಲಿ ಒಂದು ಪ್ರತ್ಯೇಕ ಸ್ವಿಚ್ ಬಂತು. ವೈರಸ್ ತಡೆಯುವ ಸ್ವಿಚ್ಚೇ ಬೇರೆ, ಇದೇ ಬೇರೆ. ಹಳೆಯ ಆ ಜಗಳದ ಗುರುತು ಅದು. 2021ರ ಆಗಸ್ಟಿನಿಂದ ತಾನಾಗೇ ಆನ್ ಇರುವಂತೆ ಮಾಡಿದ್ದಾರೆ. ಈ ಸಲ ಊರಿಗೆ ಹೋದಾಗ ಅಪ್ಪನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆದು, ಆಪ್ ಆಂಡ್ ಬ್ರೌಸರ್ ಕಂಟ್ರೋಲ್ ಒಳಗೆ ಅದನ್ನೊಮ್ಮೆ ನೋಡಿ. ಹಾಗೇ ಬ್ರೌಸರಿನಲ್ಲಿ ಯಾವ ಯಾವ ತಾಣಗಳಿಗೆ ನೋಟಿಫಿಕೇಶನ್ 'ಅಲೋ' ಅಂತಿದೆ ಅನ್ನೋದನ್ನೂ ನೋಡಿ. ಐ ಅಗ್ರೀ ಈಗ ಅಲ್ಲಿಗೆ ಮನೆ ಬದಲಾಯಿಸಿದೆ.