ಕಾವಲಿಲ್ಲದ ಚಾವಡಿ

ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ 1979ರಲ್ಲಿ ವ್ಯಾಸಂಗ ಮಾಡುತ್ತಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬಿಬ್ಬರು ವಿದ್ಯಾರ್ಥಿಗಳು ಒಂದು ಹೊಸ ಏರ್ಪಾಟನ್ನು ಯೋಚಿಸಿದರು. ಒಂದು ಗಣಕಯಂತ್ರವು ದೂರವಾಣಿಯ ಮೂಲಕ ಮತ್ತೊಂದು ಗಣಕಯಂತ್ರವನ್ನು ಕರೆದು, ತನ್ನಲ್ಲಿರುವ ಬರಹಗಳನ್ನು ಅದಕ್ಕೆ ದಾಟಿಸಬೇಕು. ಅದು ಮೂರನೆಯದಕ್ಕೆ ದಾಟಿಸಬೇಕು. ಹೀಗೆ ಒಬ್ಬನು ಬರೆದುದು ಕೈಯಿಂದ ಕೈಗೆ ಸಾಗಿ ಎಲ್ಲರಿಗೂ ಮುಟ್ಟಬೇಕು. ನೆರೆಯ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾನಿಲಯದ ಸ್ಟೀವ್ ಬೆಲ್ಲೋವಿನ್ ಇದಕ್ಕೆ ಬೇಕಾದ ಮೊದಲ ಕ್ರಮವಿಧಿಯನ್ನು ಬರೆದರು. 1980ರಲ್ಲಿ ಇದು ಇತರರಿಗೂ ತೆರೆಯಿತು. ಯೂಸ್‌ನೆಟ್ ಎಂದು ಹೆಸರಾದ ಈ ವ್ಯವಸ್ಥೆಯು ಇಂದಿನ ಎಲ್ಲ ಚರ್ಚಾಗುಂಪುಗಳಿಗೂ ಹಿರಿಯಣ್ಣನಂತಿದೆ.

ಈ ವ್ಯವಸ್ಥೆಗೆ ಒಡೆಯನಿರಲಿಲ್ಲ ಎಂಬುದನ್ನು ವಾಚಕರು ಮೊದಲು ಗಮನಿಸಬೇಕು. ಪ್ರತಿಯೊಂದು ಯಂತ್ರದ ಮೇಲ್ವಿಚಾರಕನು ತನ್ನ ಯಂತ್ರದಲ್ಲಿ ಯಾವ ಗುಂಪಿಗೆ ಎಡೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ನಿರ್ಧರಿಸಬಹುದಾಗಿತ್ತು. ಅದರಾಚೆ ಅವನ ಅಧಿಕಾರ ನಡೆಯುತ್ತಿರಲಿಲ್ಲ. ಬೈದವನನ್ನು ಹೊರಗೆ ಹಾಕುವ ನ್ಯಾಯಸ್ಥಾನವಿಲ್ಲ, ದಂಡ ಹಾಕುವ ಪಂಚಾಯಿತಿಯಿಲ್ಲ. ಎದುರಿಗೆ ಕುಳಿತವರ ಮುಖವಂತೂ ಕಾಣುವುದೇ ಇಲ್ಲ. ಇಂಥ ಕಾವಲಿಲ್ಲದ ಚಾವಡಿಯಲ್ಲಿ ಮಾತಿಗೆ ಮರ್ಯಾದೆಯನ್ನು ಕಟ್ಟಿಕೊಡುವುದು ಹೇಗೆ? ಈ ಪ್ರಶ್ನೆಯನ್ನು ಧರ್ಮಶಾಸ್ತ್ರಜ್ಞರಾಗಲಿ ನ್ಯಾಯವಾದಿಗಳಾಗಲಿ ಅಲ್ಲಿ ಎತ್ತಲಿಲ್ಲ. ಗಣಕವಿಜ್ಞಾನದ ವಿದ್ಯಾರ್ಥಿಗಳೂ ಯಂತ್ರಗಳ ಮೇಲ್ವಿಚಾರಕರೂ ತಮ್ಮ ನಿತ್ಯದ ಕೆಲಸದ ನಡುವೆಯೇ ಅದನ್ನು ಎದುರಿಸಬೇಕಾಯಿತು. ಅವರು ಕಂಡುಕೊಂಡ ಉತ್ತರಗಳಲ್ಲಿ ಕೆಲವು ಅಚ್ಚರಿಯಾಗುವಷ್ಟು ವಿವೇಕಪೂರ್ಣವಾಗಿವೆ.

ಮೊದಲನೆಯ ಕಷ್ಟ ನಗೆಮಾತಿನಿಂದ ಬಂದಿತು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯಕ್ಕೆ ತನ್ನದೇ ಆದ ಒಂದು ಗಣಕ ಸೂಚನಾಫಲಕವಿತ್ತು. 1982ರಲ್ಲಿ ಅಲ್ಲಿ ಯಾರೋ, ಭೌತವಿಜ್ಞಾನದ ಪ್ರಯೋಗದಿಂದಾಗಿ ಲಿಫ್ಟಿನೊಳಗೆ ಪಾದರಸ ಚೆಲ್ಲಿದೆ ಎಂದು ತಮಾಷೆಗೆ ಬರೆದರು. ಹಿಂದಿನ ಚರ್ಚೆಯನ್ನು ಓದದವರು ಅದನ್ನು ನಿಜವಾದ ಎಚ್ಚರಿಕೆಯೆಂದೇ ತಿಳಿದರು. ಆ ಬಳಿಕ ಹಾಸ್ಯವನ್ನು ಹಾಸ್ಯವೆಂದು ಗುರುತಿಸಲು ಒಂದು ಚಿಹ್ನೆ ಬೇಕೆಂಬ ಚರ್ಚೆ ನಡೆದು, ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ವಿದ್ವಾಂಸರು ಎರಡು ಚುಕ್ಕಿ, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆಯನ್ನು ಸೇರಿಸಿದ ನಗುಮೊಗವನ್ನು ಸೂಚಿಸಿದರು. ಇಂದು ನಮ್ಮ ಮಕ್ಕಳು ಕೈಫೋನಿನಲ್ಲಿ ಒತ್ತುವ ಹಳದಿ ಮುಖಗಳ ಮೂಲಪುರುಷನು ಇವನೇ. ಇದೊಂದು ಆಟದ ವಸ್ತುವೆಂದು ಕಾಣಬಹುದು. ಆದರೆ ಮಾತನಾಡುವವನ ಮುಖಭಾವ, ಕಂಠದ ಏರಿಳಿತಗಳು ಬರಹದಲ್ಲಿ ಅಳಿದುಹೋಗುತ್ತವೆ, ಆ ಕೊರತೆಯನ್ನು ತುಂಬುವ ಹೊಣೆ ಕೇಳುವವನದಲ್ಲ, ಹೇಳುವವನದು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಎರಡನೆಯ ಉಪಾಯವು ಇದಕ್ಕಿಂತ ಸೂಕ್ಷ್ಮವಾದುದು. ಯೂಸ್‌ನೆಟ್ಟಿನ ಹಾಸ್ಯದ ಗುಂಪಿನಲ್ಲಿ ಕೆಲವರಿಗೆ ನೋವುಂಟುಮಾಡಬಹುದಾದ ನಗೆಹನಿಗಳೂ ಬರುತ್ತಿದ್ದವು. ನಿಷೇಧಿಸೋಣವೆಂದರೆ ಅಧಿಕಾರವಿಲ್ಲ; ಬಿಟ್ಟುಬಿಡೋಣವೆಂದರೆ ಓದಿದವರು ನೊಂದುಕೊಳ್ಳುತ್ತಾರೆ. ಆಗ ಅವರು ಮಾಡಿದ್ದೇನೆಂದರೆ, ಅಂಥ ಬರಹದ ಪ್ರತಿಯೊಂದು ಇಂಗ್ಲಿಷ್ ಅಕ್ಷರವನ್ನೂ ಅದರಿಂದ 13 ಸ್ಥಾನ ಮುಂದಿನ ಅಕ್ಷರಕ್ಕೆ ಬದಲಿಸುವುದು. ವರ್ಣಮಾಲೆಯಲ್ಲಿ 26 ಅಕ್ಷರಗಳಿರುವುದರಿಂದ ಅದೇ ಕ್ರಿಯೆಯನ್ನು ಇನ್ನೊಮ್ಮೆ ಮಾಡಿದರೆ ಮೂಲಪಾಠ ದೊರೆಯುತ್ತದೆ. ರಾಟ್13 ಎಂಬ ಈ ವಿಧಾನದಲ್ಲಿ ಗುಟ್ಟೇನೂ ಇಲ್ಲ, ಯಾರು ಬೇಕಾದರೂ ಬಿಡಿಸಬಹುದು. ಆದರೆ ಬಿಡಿಸಲು ಓದುಗನೇ ಮನಸ್ಸುಮಾಡಿ ಒಂದು ಕೀಲಿಯನ್ನು ಒತ್ತಬೇಕು. ಒತ್ತಿದ ಮೇಲೆ ನೊಂದೆನೆಂದು ದೂರುವಂತಿಲ್ಲ. ಒತ್ತದವನ ಕಣ್ಣಿಗೆ ಅದು ಬೀಳುವುದೂ ಇಲ್ಲ. ಹೇಳುವವನ ಸ್ವಾತಂತ್ರ್ಯ, ಕೇಳುವವನ ಶಾಂತಿ ಎರಡನ್ನೂ ಒಂದು ತೆಳುಪರದೆಯಿಂದ ಕಾಪಾಡಿದ ಈ ಕ್ರಮಕ್ಕೆ ಸಮಾನವಾದುದನ್ನು ಇಂದಿನ ದೊಡ್ಡ ಸಂಸ್ಥೆಗಳು ಕಂಡುಹಿಡಿದಿವೆಯೆಂದು ನನಗೆ ತೋರುವುದಿಲ್ಲ.

ಬರಹವನ್ನು ಕಳುಹಿಸಲು ಬಳಸುತ್ತಿದ್ದ ಪಿನ್ಯೂಸ್ ಎಂಬ ತಂತ್ರಾಂಶದಲ್ಲಿಯೂ ಒಂದು ಸೊಗಸಾದ ತಡೆ ಇತ್ತು. ನಿಮ್ಮ ಬರಹವು ಸಾವಿರಾರು ಯಂತ್ರಗಳಿಗೆ ಹೋಗುತ್ತದೆ, ಅದನ್ನು ಸಾಗಿಸಲು ಇತರರಿಗೆ ನೂರಾರು, ಒಂದುವೇಳೆ ಸಾವಿರಾರು ಡಾಲರುಗಳ ವೆಚ್ಚ ತಗಲುತ್ತದೆ ಎಂಬ ಅರ್ಥದ ಎಚ್ಚರಿಕೆಯನ್ನು ನೀಡಿ, ನಿಜಕ್ಕೂ ಕಳುಹಿಸಬೇಕೇ ಎಂದು ಅದು ಕೇಳುತ್ತಿತ್ತು. ಹಿತವೂ ಮಿತವೂ ಆದ ಮಾತನ್ನು ಆಡಬೇಕೆಂದು ಬಾಲ್ಯದಿಂದ ಕೇಳಿಕೊಂಡು ಬಂದ ನಮ್ಮ ಓದುಗರಿಗೆ ಈ ಪ್ರಶ್ನೆ ಹೊಸತಲ್ಲ. ಮಿತಭಾಷೆಗೆ ಅಲ್ಲಿ ದೊರೆತ ಆಧಾರ ಮಾತ್ರ ದೂರವಾಣಿಯ ಬಿಲ್ಲು.

ಕ್ರಮೇಣ ನಿಯಮಗಳು ಬರಹಕ್ಕೆ ಇಳಿದವು. ಚಕ್ ವಾನ್ ರೋಸ್ಪಾಕ್ ಎಂಬವರು ಹೊಸಬರಿಗಾಗಿ ಒಂದು ಮೊದಲ ಪಾಠವನ್ನು ಬರೆದರು. ಆ ಕಡೆ ಇರುವವನೂ ಮನುಷ್ಯನೆಂಬುದನ್ನು ಮರೆಯಬೇಡಿ, ಒಬ್ಬನಿಗೆ ಹೇಳಬೇಕಾದುದನ್ನು ಖಾಸಗಿ ಪತ್ರದಲ್ಲಿ ಹೇಳಿ, ಹಿಂದಿನವರ ಮಾತನ್ನು ಉದ್ಧರಿಸುವಾಗ ಬೇಕಾದಷ್ಟನ್ನೇ ಉಳಿಸಿ ಎಂಬುವು ಅದರ ಸಾರ. ಬ್ರ್ಯಾಡ್ ಟೆಂಪಲ್‌ಟನ್ ಇದನ್ನೇ ತಿರುವುಮುರುವು ಮಾಡಿ, ಎಮಿಲಿ ಪೋಸ್ಟ್‌ನ್ಯೂಸ್ ಎಂಬ ಕಲ್ಪಿತ ಮಹಿಳೆಯ ಬಾಯಲ್ಲಿ ಎಲ್ಲ ಕೆಟ್ಟ ಸಲಹೆಗಳನ್ನೂ ಗಂಭೀರವಾಗಿ ಹೇಳಿಸಿದರು. ನೇರವಾದ ಉಪದೇಶಕ್ಕಿಂತ ಈ ವಿಡಂಬನೆಯನ್ನೇ ಜನ ಹೆಚ್ಚು ಇಷ್ಟಪಟ್ಟು ಓದಿದಂತೆ ಕಾಣುತ್ತದೆ.

ಆದರೆ ನಿಯಮಗಳು ಹುಟ್ಟಿದೊಡನೆ ನಿಯಮಪಾಲಕರೂ ಹುಟ್ಟಿದರು. ಉತ್ತರವನ್ನು ಹಿಂದಿನ ಬರಹದ ಮೇಲೆ ಬರೆಯಬೇಕೆ, ಕೆಳಗೆ ಬರೆಯಬೇಕೆ? ಸಹಿಯ ಸಾಲುಗಳು ನಾಲ್ಕನ್ನು ಮೀರಿದರೆ ಅಪರಾಧವೆ? ಒಬ್ಬನು ಕಾಗುಣಿತ ತಪ್ಪಿದರೆ ಅದನ್ನು ಹತ್ತು ಮಂದಿ ಎತ್ತಿ ಆಡುವುದು, ಆ ಹತ್ತು ಮಂದಿಯಲ್ಲೊಬ್ಬನ ಕಾಗುಣಿತವನ್ನು ಹನ್ನೊಂದನೆಯವನು ತಿದ್ದುವುದು, ಕೊನೆಗೆ ಮೂಲವಿಷಯ ಯಾವುದೆಂದೇ ಯಾರಿಗೂ ನೆನಪಿಲ್ಲದಿರುವುದು ನಿತ್ಯದ ನೋಟವಾಯಿತು. ಶಿಷ್ಟಾಚಾರವನ್ನು ಕುರಿತ ಜಗಳಗಳೇ ಶಿಷ್ಟಾಚಾರವನ್ನು ಹೆಚ್ಚು ಕೆಡಿಸಿದವು ಎಂಬುದು ನನ್ನ ಅಭಿಪ್ರಾಯ. ಬೈಗುಳಕ್ಕೆ ಅಲ್ಲಿ ‘ಫ್ಲೇಮ್’, ಅಂದರೆ ಜ್ವಾಲೆ ಎಂಬ ಹೆಸರು ಬಿದ್ದಿತ್ತು. ಸರಿಯಾದ ಪಕ್ಷದಲ್ಲಿ ನಿಂತವನು ಹಚ್ಚಿದ ಜ್ವಾಲೆಯೂ ಸುಡುತ್ತದೆ. ಹೊಸದಾಗಿ ಬಂದು ತಿಳಿಯದೆ ಒಂದು ಪ್ರಶ್ನೆ ಕೇಳಿ, ಹಿರಿಯರ ವ್ಯಂಗ್ಯಕ್ಕೆ ಗುರಿಯಾಗಿ ಮರಳಿ ಬಾರದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಪ್ರತಿ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಸೇರುತ್ತಿದ್ದರು, ಯೂಸ್‌ನೆಟ್ಟಿಗೂ ಬರುತ್ತಿದ್ದರು. ಕೆಲವು ವಾರ ಗಲಭೆಯಾಗಿ ಆಮೇಲೆ ಅವರು ಪದ್ಧತಿಯನ್ನು ಕಲಿಯುತ್ತಿದ್ದರು, ಇಲ್ಲವೇ ಬೇಸತ್ತು ಬಿಡುತ್ತಿದ್ದರು. 1993–94ರ ಹೊತ್ತಿಗೆ ಅಮೆರಿಕ ಆನ್‌ಲೈನ್ ಮುಂತಾದ ವಾಣಿಜ್ಯ ಸಂಸ್ಥೆಗಳು ತಮ್ಮ ಗ್ರಾಹಕರಿಗೆಲ್ಲ ಈ ಬಾಗಿಲನ್ನು ತೆರೆದವು. ಬರುವವರ ಪ್ರವಾಹ ನಿಲ್ಲಲೇ ಇಲ್ಲ. ಹಳಬರು ಅದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದರು. ಈ ಹೆಸರಿನಲ್ಲಿ ದುಃಖವೂ ಇದೆ, ಸ್ವಲ್ಪ ಅಹಂಕಾರವೂ ಇದೆ. ಕಲಿಸುವವರು ಕೆಲವರು, ಕಲಿಯಬೇಕಾದವರು ಲಕ್ಷಗಟ್ಟಲೆ ಎಂದಾದಾಗ ಬಾಯಿಂದ ಬಾಯಿಗೆ ಹರಿದು ಬಂದ ಸಂಪ್ರದಾಯ ನಿಲ್ಲಲಾರದು ಎಂಬುದು ನಿಜ. ಆದರೆ ಬಂದವರೆಲ್ಲರೂ ಅಸಭ್ಯರೆಂಬ ಭಾವನೆ ಮಾತ್ರ ಅನ್ಯಾಯವಾದುದು.

ಟ್ರೋಲ್ ಎಂಬ ಪದದ ಚರಿತ್ರೆಯೂ ಇದೇ ಅಹಂಕಾರದ ನೆರಳಿನಲ್ಲಿದೆ. ಅದು ಕಥೆಗಳಲ್ಲಿ ಬರುವ ರಾಕ್ಷಸನ ಹೆಸರೆಂದು ಹಲವರು ತಿಳಿದಿದ್ದಾರೆ. ಆದರೆ ಚಲಿಸುವ ದೋಣಿಯ ಹಿಂದೆ ಗಾಳವನ್ನು ಎಳೆದುಕೊಂಡು ಹೋಗುವ ಮೀನುಗಾರಿಕೆಯ ಕ್ರಮಕ್ಕೂ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಎನ್ನುತ್ತಾರೆ. ಈ ಬಳಕೆ ಅಲ್ಲಿಂದ ಬಂದುದು. ವದಂತಿಗಳ ಸತ್ಯಾಸತ್ಯತೆಯನ್ನು ಶೋಧಿಸುತ್ತಿದ್ದ ‘ಆಲ್ಟ್.ಫೋಕ್‌ಲೋರ್.ಅರ್ಬನ್’ ಎಂಬ ಗುಂಪಿನ ಹಳಬರು 1990ರ ದಶಕದ ಆರಂಭದಲ್ಲಿ, ಎಷ್ಟೋ ಸಾರಿ ಚರ್ಚಿಸಿ ಮುಗಿಸಿದ ಸಂಗತಿಯೊಂದನ್ನು ಬೇಕೆಂದೇ ತಪ್ಪಾಗಿ ಬರೆಯುತ್ತಿದ್ದರು. ಹಳಬರಿಗೆ ಅದು ಗಾಳವೆಂದು ಗೊತ್ತು. ಹೊಸಬನು ಮಾತ್ರ ಶ್ರದ್ಧೆಯಿಂದ ತಿದ್ದಲು ಬರುತ್ತಾನೆ, ಎಲ್ಲರೂ ನಗುತ್ತಾರೆ. ಸಿಕ್ಕಿಬಿದ್ದ ಮೀನಿನ ಅಪರಾಧವೆಂದರೆ ಅವನ ಪ್ರಾಮಾಣಿಕತೆ.

ನಮ್ಮ ತರ್ಕಶಾಸ್ತ್ರದವರು ಮಾತಿನ ಸಂಗ್ರಾಮವನ್ನು ವಾದ, ಜಲ್ಪ, ವಿತಂಡ ಎಂದು ವಿಂಗಡಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನ ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಒಡೆಯುವುದಷ್ಟೇ ವಿತಂಡ. ಟ್ರೋಲ್ ಇವು ಮೂರಕ್ಕೂ ಸೇರದು. ವಿತಂಡವಾದಿಗೆ ಎದುರಾಳಿಯ ಮಾತನ್ನು ಮುರಿಯಬೇಕೆಂಬ ಹಟವಾದರೂ ಇರುತ್ತದೆ; ಗಾಳ ಹಾಕುವವನಿಗೆ ಮಾತು ಬೇಡ, ಎದುರಿನವನ ಕ್ಷೋಭೆ ಮಾತ್ರ ಬೇಕು. ಅವನಿಗೆ ಯುಕ್ತಿಯಿಂದ ಉತ್ತರ ಕೊಟ್ಟಷ್ಟೂ ಅವನ ಉದ್ದೇಶ ನೆರವೇರುತ್ತದೆ.

1993ರಲ್ಲಿ ಇದರ ಕ್ರೂರರೂಪ ಪ್ರಕಟವಾಯಿತು. ‘ರೆಕ್.ಪೆಟ್ಸ್.ಕ್ಯಾಟ್ಸ್’ ಎಂಬುದು ಬೆಕ್ಕು ಸಾಕುವವರ ಸಾಧುಗುಂಪು. ಕಾಯಿಲೆ, ಆಹಾರ, ಸತ್ತ ಬೆಕ್ಕಿನ ನೆನಪು, ಅಲ್ಲಿನ ಮಾತು ಇಷ್ಟೇ. ಅಸಹ್ಯವಾದುದನ್ನೇ ವಿನೋದವೆಂದು ಎಣಿಸುವ ‘ಆಲ್ಟ್.ಟೇಸ್ಟ್‌ಲೆಸ್’ ಗುಂಪಿನ ಕೆಲವರು ಒಟ್ಟುಗೂಡಿ ಅಲ್ಲಿಗೆ ನುಗ್ಗಿದರು. ಮೊದಲು ಒಬ್ಬನು ತನ್ನ ಬೆಕ್ಕುಗಳ ತೊಂದರೆಯನ್ನು ಹೇಳಿಕೊಂಡು ಮುಗ್ಧನಂತೆ ಸಲಹೆ ಬೇಡಿದನು. ಬೆಕ್ಕಿನ ಪ್ರೇಮಿಗಳು ಸಹಜವಾದ ಕರುಣೆಯಿಂದ ಉತ್ತರಿಸಿದರು. ಆಗ ಅವನ ಜೊತೆಗಾರರು ಪ್ರಾಣಿಹಿಂಸೆಯ ಕೀಳು ಸಲಹೆಗಳನ್ನು ಬರೆಯತೊಡಗಿದರು. ನಿಜವಾದ ಬೆಕ್ಕಿಗೆ ಯಾವ ಹಾನಿಯೂ ಆಗಲಿಲ್ಲ, ಬರಿಯ ಮಾತು ಎಂದು ಅವರು ಸಮರ್ಥಿಸಿಕೊಳ್ಳಬಹುದು. ಆದರೆ ಹಿಂಸೆಯನ್ನು ಕಾಯದಿಂದ ಮಾತ್ರ ಅಳೆಯದ ಪರಂಪರೆಯಲ್ಲಿ ಬೆಳೆದ ನಮಗೆ ಆ ಸಮಾಧಾನ ಸಾಲದು. ಓದುತ್ತಿದ್ದವರ ಮನಸ್ಸು ನೊಂದುದು ನಿಜ; ಗುಂಪು ಅನೇಕ ದಿನ ತನ್ನ ಕೆಲಸ ಮಾಡಲಾರದೆ ಹೋದುದೂ ನಿಜ.

ಆಗ ಅವರಿಗೆ ಎರಡು ದಾರಿಗಳು ತೆರೆದಿದ್ದವು. ದಾಳಿಕಾರರ ಯಂತ್ರಗಳ ಮೇಲ್ವಿಚಾರಕರಿಗೆ ದೂರು ಕೊಡುವುದು ಒಂದು. ಮತ್ತೊಂದು ‘ಕಿಲ್‌ಫೈಲ್’ ಎಂಬ ಉಪಾಯ. 1984ರಲ್ಲಿ ಲ್ಯಾರಿ ವಾಲ್ ರಚಿಸಿದ ಆರ್‌ಎನ್ ಎಂಬ ಓದುವ ತಂತ್ರಾಂಶದಲ್ಲಿ ಇದು ಇತ್ತು. ಅದರಲ್ಲಿ ಒಬ್ಬನ ಹೆಸರನ್ನು ಬರೆದಿಟ್ಟರೆ ಅವನ ಬರಹಗಳು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹೆಸರು ಒರಟಾದರೂ ಗುಣ ಸೌಮ್ಯ: ಎದುರಾಳಿಯ ಬಾಯಿ ಮುಚ್ಚಿಸದೆ ತನ್ನ ಕಿವಿಯನ್ನಷ್ಟೇ ಮುಚ್ಚಿಕೊಳ್ಳುವ ಕ್ರಮ. ಇದರಲ್ಲೊಂದು ದೋಷವಿದೆ. ಹಳಬರೆಲ್ಲ ಕಿವಿ ಮುಚ್ಚಿಕೊಂಡಾಗ, ಆ ಪಟ್ಟಿಯಿಲ್ಲದೆ ಮೊನ್ನೆ ಬಂದ ಹೊಸಬನು ಗಾಳದೆದುರು ಒಂಟಿಯಾಗುತ್ತಾನೆ. ಟ್ರೋಲಿಗೆ ಉಣಿಸಬೇಡಿರಿ ಎಂಬ ನಾಣ್ಣುಡಿ ಹುಟ್ಟಿದ್ದು ಈ ಅನುಭವದಿಂದಲೇ. ಮೌನವು ನೊಂದವರನ್ನು ಕಾಯಲು ಸಾಕಾಗುವುದೇ ಎಂಬ ಪ್ರಶ್ನೆಗೆ ಆ ನಾಣ್ಣುಡಿಯಲ್ಲಿ ಉತ್ತರವಿಲ್ಲ. ಬಸದಿಯ ಜೀರ್ಣೋದ್ಧಾರಕ್ಕೆಂದು ಮಾಡಿಕೊಂಡ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರ ಪ್ರಾಮಾಣಿಕತೆಯನ್ನು ಮತ್ತೊಬ್ಬರು ಕೆಣಕಿದಾಗ ಉಳಿದ ನೂರು ಮಂದಿ ತೆಪ್ಪಗಿರುವುದನ್ನು ನೋಡಿದವರಿಗೆ ಈ ತೊಡಕು ಸುಲಭವಾಗಿ ಅರ್ಥವಾದೀತು.

ಹೆಸರು ಮರೆಸಿಕೊಳ್ಳುವ ವಿಷಯದಲ್ಲಿಯೂ ಬಿರುಸಾದ ವಿವಾದ ನಡೆಯಿತು. ಫಿನ್‌ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ 1993ರಲ್ಲಿ ತೆರೆದ ಸೇವೆಯೊಂದು ಬರೆದವನ ಹೆಸರನ್ನು ತೆಗೆದುಹಾಕಿ ಪತ್ರವನ್ನು ಮುಂದಕ್ಕೆ ಕಳುಹಿಸುತ್ತಿತ್ತು. ಅದರ ಮರೆಯಲ್ಲಿ ಪುಂಡರೂ ಬರೆದರು, ಬೇರೆಲ್ಲಿಯೂ ಹೇಳಿಕೊಳ್ಳಲಾಗದ ದುಃಖವುಳ್ಳವರೂ ಬರೆದರು. ನ್ಯಾಯಾಲಯದ ಒತ್ತಡದ ನಡುವೆ 1996ರಲ್ಲಿ ಅದು ಮುಚ್ಚಿದಾಗ ಇಬ್ಬರ ಬಾಗಿಲೂ ಒಟ್ಟಿಗೇ ಮುಚ್ಚಿತು.

1994ರ ಏಪ್ರಿಲ್ 12ರಂದು ಅರಿಜೋನದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿಗಳು ತಮ್ಮ ವಲಸೆ ವ್ಯವಹಾರದ ಜಾಹೀರಾತನ್ನು 5,000ಕ್ಕೂ ಹೆಚ್ಚು ಗುಂಪುಗಳಿಗೆ ಸುರಿದರು. ಕೋಪಗೊಂಡವರ ಪತ್ರಗಳ ಭಾರಕ್ಕೆ ಅವರಿಗೆ ಸಂಪರ್ಕ ಒದಗಿಸಿದ್ದ ಯಂತ್ರವೇ ಕುಸಿಯಿತು. ಮುಂದೆ ಇಂಥವನ್ನು ಅಳಿಸಿಹಾಕುವ ಪದ್ಧತಿ ಬಂದಾಗ, ಅಳಿಸುವವರು ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡರು. ಬರಹದ ವಿಷಯವನ್ನು ನೋಡಬಾರದು, ಅದು ಎಷ್ಟು ಪ್ರತಿಗಳಲ್ಲಿ ಎಷ್ಟು ಗುಂಪುಗಳಿಗೆ ಹೋಗಿದೆ ಎಂಬುದನ್ನಷ್ಟೇ ಲೆಕ್ಕಹಾಕಬೇಕು. ಬ್ರೈಡ್‌ಬಾರ್ಟ್ ಸೂಚ್ಯಂಕವೆಂಬ ಆ ಲೆಕ್ಕ ಒಂದು ಮಿತಿಯನ್ನು ಮೀರಿದರೆ ಮಾತ್ರ ಅಳಿಸಬೇಕು. ತಮಗೆ ಒಪ್ಪದ ಮತವನ್ನು ಅಳಿಸುವ ಆಸೆಯನ್ನು ಗಣಿತದಿಂದ ಕಟ್ಟಿಹಾಕಿದ ಈ ಸಂಯಮ ಮೆಚ್ಚತಕ್ಕದ್ದು.

1995ರ ಅಕ್ಟೋಬರಿನಲ್ಲಿ ಇಂಟೆಲ್ ಸಂಸ್ಥೆಯ ಸ್ಯಾಲಿ ಹ್ಯಾಂಬ್ರಿಜ್ ಸಿದ್ಧಪಡಿಸಿದ ಶಿಷ್ಟಾಚಾರದ ಕೈಪಿಡಿ, ಆರ್‌ಎಫ್‌ಸಿ 1855 ಎಂಬ ಸಂಖ್ಯೆಯಲ್ಲಿ ಪ್ರಕಟವಾಯಿತು. ಗುಂಪಿಗೆ ಸೇರಿದವನು ಒಂದೆರಡು ತಿಂಗಳು ಬರಿದೆ ಓದಬೇಕು, ಮನಸ್ಸು ಕದಡಿದಾಗ ಬರೆದ ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಕಳುಹಿಸಬೇಕು ಎಂಬ ಸಲಹೆಗಳು ಅದರಲ್ಲಿವೆ. ಅದೇ ವರ್ಷದ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆಯಿತು. ಅದಕ್ಕೂ ಎಷ್ಟೋ ಮೊದಲೇ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ‘ಸೋಕ್.ಕಲ್ಚರ್.ಇಂಡಿಯನ್’ ಗುಂಪಿನಲ್ಲಿ ಊರಿನ ಸುದ್ದಿಯನ್ನೂ ಊರಿನ ಜಗಳಗಳನ್ನೂ ಹಂಚಿಕೊಳ್ಳುತ್ತಿದ್ದರು. ಕನ್ನಡಿಗರಿಗೂ ಕರ್ನಾಟಕದ ಹೆಸರಿನ ಬೇರೆ ಗುಂಪು ಇತ್ತು. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಅವರು ಆಸೆ ತೀರಿಸಿಕೊಂಡರು.

ಯೂಸ್‌ನೆಟ್ ಹುಟ್ಟಿದ ಡ್ಯೂಕ್ ವಿಶ್ವವಿದ್ಯಾನಿಲಯವು 2010ರ ಮೇ 20ರಂದು ತನ್ನ ಯೂಸ್‌ನೆಟ್ ಸರ್ವರನ್ನು ನಿಲ್ಲಿಸಿತು. ಗೂಗಲ್ ಸಂಸ್ಥೆಯು 2024ರ ಫೆಬ್ರವರಿಯಿಂದ ಅಲ್ಲಿನ ಹೊಸ ಬರಹಗಳನ್ನು ಸ್ವೀಕರಿಸುತ್ತಿಲ್ಲ. ಹಳೆಯವನ್ನು ಮಾತ್ರ ಓದಲು ಇಟ್ಟಿದೆ. ಆ ಹಳೆಯವು ಉಳಿದದ್ದು ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ಹೆನ್ರಿ ಸ್ಪೆನ್ಸರ್ ಎಂಬವರ ದೆಸೆಯಿಂದ. 1981ರಿಂದ 1991ರವರೆಗೆ ಬಂದ ಸುಮಾರು 20 ಲಕ್ಷ ಬರಹಗಳನ್ನು ಅವರು 141 ಕಾಂತೀಯ ಫೀತೆಗಳಲ್ಲಿ ತುಂಬಿಸಿಟ್ಟಿದ್ದರು. ಕಾಗುಣಿತದ ಜಗಳ, ವ್ಯಂಗ್ಯ, ಕ್ಷಮಾಪಣೆ ಎಲ್ಲವೂ ಬರೆದವರ ಹೆಸರಿನೊಡನೆ ಅಲ್ಲಿವೆ. ಕಿಲ್‌ಫೈಲುಗಳು ಇಲ್ಲ, ಅವು ಅವರವರ ಯಂತ್ರಗಳಲ್ಲಿಯೇ ಇದ್ದು, ಯಂತ್ರಗಳೊಡನೆಯೇ ಹೋದವು.