ಆಹಾರ, ಮನಸ್ಸು ಮತ್ತು ಸುದ್ದಿಯ ಸತ್ಯ

1948ರಲ್ಲಿ ಬೆಂಗಳೂರು ದಂಡು ಪ್ರದೇಶದಿಂದ ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಪ್ರಜಾವಾಣಿ’ ಪತ್ರಿಕೆಗಳು ಹೊರಬರತೊಡಗಿದವು. ಅದೇ ವರ್ಷ ಕೃಷ್ಣರಾಜಪುರದ ಬಳಿ, ಇಂದಿನ ದೂರವಾಣಿನಗರದಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ಅದೇ ವರ್ಷ ಅಮೆರಿಕ ಹಾಗೂ ಇಂಗ್ಲೆಂಡಿನ ವಿಜ್ಞಾನಿಗಳು ಬಿ-12 ಜೀವಸತ್ವವನ್ನು ಬೇರ್ಪಡಿಸಿದರು. ಅಂದು ಒಂದಕ್ಕೊಂದು ಸಂಬಂಧವಿರದಿದ್ದ ಪತ್ರಿಕೆ, ದೂರವಾಣಿ, ಜೀವಸತ್ವಗಳೆಂಬ ಈ ಮೂರೂ ಇಂದು ಶಿವಾಜಿನಗರದ ವರ್ತಕನ ಅಂಗೈಯಲ್ಲಿ ಒಂದಾಗಿವೆ. ಏನನ್ನು ತಿಂದರೆ ಮನಸ್ಸು ಸ್ವಸ್ಥವಾಗಿರುತ್ತದೆ ಎಂಬುದನ್ನು ಈಗ ಆತನಿಗೆ ತಿಳಿಸುವುದು ಮೊಬೈಲಿನ ಸುದ್ದಿ.

ಆಹಾರಕ್ಕೂ ಮನಸ್ಸಿಗೂ ಇರುವ ನಂಟು ಹೊಸ ಶೋಧವಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹುಚ್ಚಾಸ್ಪತ್ರೆಗಳಲ್ಲಿ ಪೆಲಾಗ್ರ ಪೀಡಿತರು ಬಹಳ ಮಂದಿ ಇದ್ದರು. ಅದು ಸೋಂಕಲ್ಲ, ಮುಸುಕಿನ ಜೋಳವನ್ನೇ ನೆಚ್ಚಿದ ಬಡ ಊಟದ ಫಲ ಎಂಬುದನ್ನು 1914ರಿಂದ ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸುತ್ತ ಬಂದರು. ಅದಕ್ಕೆ ಮದ್ದಾದ ನಯಾಸಿನ್ ಅನ್ನು 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಗುರುತಿಸಿದರು. ಒಂದು ಸತ್ಯ ಸ್ಥಿರಪಡಲು ಎರಡು ದಶಕಗಳಿಗೂ ಮಿಕ್ಕ ಪರಿಶ್ರಮ ಬೇಕಾಯಿತು. ಇಂದಿನ ಶೀರ್ಷಿಕೆಗೆ ಅಷ್ಟು ತಾಳ್ಮೆಯಿಲ್ಲ.

2020ರಲ್ಲಿ 18 ಅಧ್ಯಯನಗಳನ್ನು ಕ್ರೋಡೀಕರಿಸಿದ ಒಂದು ಪ್ರಬಂಧ ಪ್ರಕಟವಾಯಿತು. ಮಾಂಸ ತ್ಯಜಿಸಿದವರಲ್ಲಿ ಖಿನ್ನತೆ ಹೆಚ್ಚು ಎಂದು ಅಂತರಜಾಲದ ಸುದ್ದಿತಾಣಗಳು ಸಾರಿದವು. ಆದರೆ ಕಾರ್ಯಕಾರಣ ಸಂಬಂಧವನ್ನು ಈ ಅಧ್ಯಯನಗಳಿಂದ ನಿರ್ಣಯಿಸಲಾಗದು ಎಂದು ಪ್ರಬಂಧಕಾರರೇ ಬರೆದಿದ್ದರು. ಅಮೆರಿಕದ ಗೋಮಾಂಸ ಉದ್ಯಮದ ನಿಧಿಯಿಂದ ಭಾಗಶಃ ನೆರವು ಬಂದಿದ್ದುದನ್ನೂ ಅದೇ ಪ್ರಬಂಧ ತಿಳಿಸಿತ್ತು. ಇದಕ್ಕೆ ಮುನ್ನ, 2012ರ ಒಂದು ಜರ್ಮನ್ ಸಮೀಕ್ಷೆಯಲ್ಲಿ ಮನೋವ್ಯಾಧಿ ಮೊದಲು ಕಾಣಿಸಿಕೊಂಡು, ಸಸ್ಯಾಹಾರ ಆನಂತರ ಆರಂಭವಾಗಿದ್ದುದೇ ಹೆಚ್ಚಾಗಿ ಕಂಡುಬಂದಿತ್ತು. ಮೊದಲಿನದು ಯಾವುದು, ಆಮೇಲಿನದು ಯಾವುದು ಎಂದು ಕೇಳದೆ ಕಾರಣವನ್ನು ಹೇಳಲಾದೀತೆ?

ಇದನ್ನು ಓದಿ ನಾವು ಬೀಗುವುದೂ ತರವಲ್ಲ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ 67 ಮಂದಿ ಖಿನ್ನತೆಯ ರೋಗಿಗಳಿದ್ದರು. 12 ವಾರಗಳ ಆಹಾರ ಸುಧಾರಣೆಯಿಂದ ಆ ಗುಂಪಿನ ಶೇಕಡ 32 ಮಂದಿ ಖಿನ್ನತೆಯಿಂದ ಹೊರಬಂದರು. ಇನ್ನೊಂದು ಗುಂಪಿನಲ್ಲಿ ಹಾಗಾದದ್ದು ಶೇಕಡ 8. ತರಕಾರಿ, ಕಾಳು, ಹಣ್ಣುಗಳೇ ಪ್ರಧಾನವಾಗಿದ್ದ ಆ ಊಟದಲ್ಲಿ ಮೀನು, ಮಾಂಸಗಳೂ ಇದ್ದವು. ಅದನ್ನು ಮರೆಮಾಚಿ ಸಸ್ಯಾಹಾರದ ವಿಜಯವೆಂದು ಹಂಚಿದರೆ ನಾವೂ ಅದೇ ದೋಷಕ್ಕೆ ಭಾಗಿಗಳು. ವಸ್ತುವಿನ ಎಲ್ಲ ಮುಖಗಳನ್ನೂ ನೋಡೆಂಬ ಅನೇಕಾಂತ ನಮಗೆ ಒಪ್ಪುವ ಸುದ್ದಿಗೂ ಅನ್ವಯಿಸಬೇಕು.

ನಾವು ಮಾಂಸವನ್ನು ತೊರೆದದ್ದು ಜೀವದಯೆಗಾಗಿ. ಯಾವುದೋ ಸಮೀಕ್ಷೆಯ ಬಲದಿಂದಲ್ಲ. ಆದುದರಿಂದ ಪ್ರತಿಕೂಲ ಸತ್ಯಕ್ಕೆ ಅಂಜಬೇಕಾಗಿಲ್ಲ. ಬಿ-12 ಸಸ್ಯಗಳಲ್ಲಿ ದೊರೆಯದು, ಹಾಲು ಮೊಸರುಗಳಲ್ಲಿದೆ. ಅದರ ಕೊರತೆಯಿಂದ ಮರೆವು, ಖಿನ್ನತೆ, ಕೈಕಾಲು ಜೋಮು ಬರಬಹುದು. ಇಂದಿರಾನಗರದ ತರುಣರು ಅಹಿಂಸೆಗಾಗಿ ಹಾಲನ್ನೂ ಬಿಡುವುದಾದರೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಸಲಹೆಯಂತೆ ಮಾತ್ರೆ ಸೇವಿಸುವುದು ಯುಕ್ತ.

ಉಪವಾಸವೇ ಮನೋರೋಗಕ್ಕೆ ಮದ್ದೆಂಬ ಸುದ್ದಿ ಇದಕ್ಕಿಂತಲೂ ಅಪಾಯಕಾರಿ. ಲಿಥಿಯಂ ಸೇವಿಸುವವರು ನೀರನ್ನೂ ತ್ಯಜಿಸಿದರೆ ರಕ್ತದಲ್ಲಿ ಆ ಔಷಧಿಯ ಮಟ್ಟ ಏರಿ ಪ್ರಾಣಕ್ಕೆ ಎರವಾಗಬಹುದು. ಪರ್ಯೂಷಣ, ದಶಲಕ್ಷಣ ಪರ್ವಗಳಿಗೆ ಮುನ್ನ ಬಸದಿ ಮತ್ತು ಮಂದಿರಗಳ ಟ್ರಸ್ಟುಗಳು ಈ ಎಚ್ಚರಿಕೆಯನ್ನು ಸೂಚನಾಫಲಕದಲ್ಲಿ ಬರೆಸಲಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಕೂಡ ಅಲ್ಲಿರಲಿ. ವ್ರತ ಕೈಗೊಳ್ಳುವವರನ್ನು ಔಷಧಿಯ ವಿಷಯ ಕೇಳುವುದೂ ಜೀವದಯೆಯೇ.