ಲೀಕ್ ಪತಂಗ

ಮರಿಹುಳುವಿನ ಹಂತದಲ್ಲಿ ಬೆಳ್ಳುಳ್ಳಿ, ಈರುಳ್ಳಿ ಹಾಗೂ ಅವುಗಳ ದಾಯಾದಿಯಾದ ಲೀಕ್ ಸೊಪ್ಪನ್ನು ತಿಂದು ಬೆಳೆಯುವ ಪುಟ್ಟ ನಿಶಾಚರಿ ಪತಂಗ. ಶಾಸ್ತ್ರೀಯ ನಾಮ ಆಕ್ರೊಲೆಪಿಯಾಪ್ಸಿಸ್ ಅಸೆಕ್ಟೆಲ್ಲ. ಇದರ ತವರು ಯುರೋಪ್. ಜರ್ಮನಿಯ ಕೀಟವಿಜ್ಞಾನಿ ಫಿಲಿಪ್ ಕ್ರಿಸ್ಟೋಫ್ ಜೆಲ್ಲರ್ 1839ರಲ್ಲಿ ಇದನ್ನು ಮೊದಲು ವರ್ಣಿಸಿದ. ಹಿಂದೆ ಆಕ್ರೊಲೆಪಿಯಿಡೀ ಎಂಬ ಪ್ರತ್ಯೇಕ ಕುಟುಂಬದಲ್ಲಿದ್ದ ಇದನ್ನು ಈಗ ಗ್ಲಿಫಿಪ್ಟೆರಿಜಿಡೀ ಕುಟುಂಬಕ್ಕೆ ಸೇರಿಸಿದ್ದಾರೆ.

ರೆಕ್ಕೆ ಬಿಚ್ಚಿದರೂ ಪತಂಗದ ಅಗಲ ಸುಮಾರು 15 ಮಿಮೀ. ಕಂದು ರೆಕ್ಕೆಗಳನ್ನು ಮಡಚಿ ಕೂತಾಗ ಬೆನ್ನ ಮೇಲೆ ಬಿಳಿಯ ತ್ರಿಕೋನ ಮಚ್ಚೆ ಕಾಣುತ್ತದೆ. ಗುರುತು ಹಿಡಿಯಲು ಅದೇ ಸಾಕು. ಮರಿಹುಳು ಈರುಳ್ಳಿಯ ಪೊಳ್ಳು ಎಲೆಯೊಳಗೆ ಹೊಕ್ಕು ಹೊರಸಿಪ್ಪೆಯನ್ನಷ್ಟೇ ಉಳಿಸಿ ಮೇಯುವುದರಿಂದ ಎಲೆಯಲ್ಲಿ ಗಾಜಿನ ಕಿಟಕಿಯಂಥ ತೇಪೆಗಳು ಮೂಡುತ್ತವೆ. ಲೀಕ್‌ನಲ್ಲಿ ಮಡಿಕೆಗಳನ್ನು ಕೊರೆಯುತ್ತ ಸುಳಿಗೇ ಇಳಿಯುತ್ತದೆ. ಬೆಳ್ಳುಳ್ಳಿಯಲ್ಲಿ ಎಲೆ, ಹೂದಂಟುಗಳು ಹಾಳಾಗುತ್ತವೆ. ಗಡ್ಡೆಗೆ ಬಾಯಿ ಹಾಕುವುದು ಕಡಿಮೆ. ಬೆಳೆದ ಹುಳು ಬಲೆಯಂಥ ಗೂಡು ನೇಯ್ದು ಕೋಶವಾಗುತ್ತದೆ. ಪ್ರೌಢ ಪತಂಗ ಚಳಿಗಾಲವನ್ನು ತರಗೆಲೆ, ಕಸಕಡ್ಡಿಗಳ ಮರೆಯಲ್ಲಿ ಕಳೆಯುತ್ತದೆ.

ಇದರ ಚರಿತ್ರೆಯಲ್ಲಿ ಸ್ವಾರಸ್ಯವಿರುವುದು ವಾಸನೆಯ ವಿಷಯದಲ್ಲಿ. ಜಜ್ಜಿದ ಬೆಳ್ಳುಳ್ಳಿಯ ಘಾಟಿಗೆ ಕಾರಣವಾದ ಗಂಧಕದ ಸಂಯುಕ್ತಗಳು ಅನೇಕ ಕೀಟಗಳನ್ನು ದೂರವಿಡುತ್ತವೆ. ಈ ಪತಂಗಕ್ಕೆ ಅದೇ ಘಾಟು ಮೊಟ್ಟೆಯಿಡುವ ತಾಣ ತೋರುವ ದಾರಿದೀಪ. ಆದರೆ ಹುಳುವಿನ ಹಿಕ್ಕೆಯಿಂದಲೂ ಗಂಧಕದ ವಾಸನೆ ಹೊಮ್ಮುತ್ತದೆ. ಅದರ ಜಾಡು ಹಿಡಿದು ಬರುವ ಡಯಾಡ್ರೊಮಸ್ ಪುಲ್ಕೆಲ್ಲಸ್ ಎಂಬ ಪರಾವಲಂಬಿ ಕಣಜ ಪತಂಗದ ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ಊಟದ ವಾಸನೆಯೇ ಉಂಡವನನ್ನು ಹಿಡಿದುಕೊಡುತ್ತದೆ ಎನ್ನಬಹುದು. ಫ್ರಾನ್ಸಿನ ಸಂಶೋಧಕರು ಈ ನಂಟನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ.

ಕೆನಡದ ಆಟವಾ ಸುತ್ತಮುತ್ತ 1993ರಲ್ಲಿ ಪತಂಗ ಪತ್ತೆಯಾಯಿತು. ಅದು ಸಾಗರ ದಾಟಿತ್ತು. ಅದರ ಕಣಜ ದಾಟಿರಲಿಲ್ಲ. ಒಂಟಾರಿಯೊ, ಕ್ವೆಬೆಕ್ ಪ್ರಾಂತಗಳಲ್ಲಿ ಹಬ್ಬಿದ ಕೀಟದಿಂದ, ರಾಸಾಯನಿಕ ಬಳಸದ ಸಾವಯವ ಬೆಳೆಗಾರರಿಗೆ ಹೆಚ್ಚು ಪೆಟ್ಟು ಬಿತ್ತು. 2009ರಲ್ಲಿ ಗಡಿಯಾಚೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲೂ ಕಾಣಿಸಿಕೊಂಡಿತು. ಕಣಜವನ್ನು ತಂದರೆ ಸ್ಥಳೀಯ ನಿರುಪದ್ರವಿ ಪತಂಗಗಳಿಗೆ ಕುತ್ತಾದೀತೇ ಎಂದು ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆಯೇ 2010ರಲ್ಲಿ ಕೆನಡದಲ್ಲಿ ಅದನ್ನು ಬಿಡುಗಡೆ ಮಾಡಲಾಯಿತು. ಈ ಎಚ್ಚರ ಮೆಚ್ಚತಕ್ಕದ್ದು. ಸಣ್ಣ ತೋಟಗಳಲ್ಲಿ ಮಾತ್ರ ಇಂದಿಗೂ ನಂಬುಗೆಯ ಉಪಾಯವೆಂದರೆ, ಪತಂಗ ಹಾರುವ ಕಾಲಕ್ಕೆ ಮೊದಲೇ ಪಾತಿಗಳ ಮೇಲೆ ಸಣ್ಣ ಕಣ್ಣಿನ ಪರದೆ ಹೊದಿಸುವುದು.